ಒಂಬತ್ತು ತೂತಿನ ಮೌಸು

ಕಬ್ಬಿನ ಹಂಗಾಮು ಜೋರಾಗಿ ನಡೆದಿದ್ದಾಗ ಒಂದು ಮುಂಜಾನೆ ಬೇಡಕಿಹಾಳದ ಸುಮೇಧನ ಕಂಪ್ಯೂಟರ್ ಶುರುವಾಗಲಿಲ್ಲ. ಅಕ್ಕ ರಾಜಮತಿ ಎಂದಿನಂತೆ ಅವನ ಮುಖ ತೊಳೆದು, ನಾಷ್ಟಾ ತಿನ್ನಿಸಿ, ಗಾಲಿಖುರ್ಚಿಯಲ್ಲಿ ಕೂರಿಸಿ ಮೇಜಿನ ಹತ್ತಿರ ತಳ್ಳಿದಳು. ಅವನ ಬಲಗೈಯನ್ನು ಎತ್ತಿ ಮೌಸಿನ ಮೇಲಿಟ್ಟಳು. ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ಒಮ್ಮೆ ಗುರ್ರೆಂದು ನಿಂತುಬಿಟ್ಟಿತು. ಮತ್ತೊಮ್ಮೆ ಒತ್ತಿದಾಗ ಸುಟ್ಟ ವಾಸನೆ ಬಂತು.

"ಏನಾತೋ ಇದಕ್ಕ?"

"ಬೋರ್ಡ ಹೋದಂಗ ಕಾಣ್ತೈತಿ ಅಕ್ಕಾ. ನೀ ಹೋಗು, ನಿನಗ ಹೊತ್ತಾತು. ಚಿಕ್ಕೋಡಿ ಅಸದಗ ನಾನ ಫೋನ ಮಾಡ್ತೀನಿ."

ರಾಜಮತಿ ಶಮನೇವಾಡಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮುಂಜಾನೆ ಹೋದರೆ ಬರುವುದು ಇಳಿಹೊತ್ತಿಗೆ. ನಡುವೆ ಒಮ್ಮೆ ಪಕ್ಕದ ಮನೆಯ ಸತ್ತೆವ್ವ ಬಂದು ಸುಮೇಧನಿಗೆ ಊಟ ಮಾಡಿಸಿ, ನೀರು ಕುಡಿಸಿ, ಜಾರಿದ ಮೈಯನ್ನು ಸರಿಯಾಗಿ ಕೂರಿಸಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಮನೆಯಲ್ಲಿ ಅವನೊಬ್ಬನೇ.

ಸುಮೇಧನಿಗೆ ಸ್ನಾಯುಗಳು ಸೊರಗುವ ಕಾಯಿಲೆ ಶುರುವಾದದ್ದು ಇಪ್ಪತ್ತರ ಹರೆಯದಲ್ಲಿ. ಮೊದಲು ಕಾಲು ಹೋದವು, ಆಮೇಲೆ ನಿಧಾನವಾಗಿ ತೋಳು. ಈಗ ನಲವತ್ತು ದಾಟಿದ ಮೇಲೆ ಅವನ ಮಾತು ಕೇಳುತ್ತಿದ್ದದ್ದು ಬಾಯಿ, ಕುತ್ತಿಗೆ ಮತ್ತು ಬಲಗೈಯ ಎರಡು ಬೆರಳು ಮಾತ್ರ. ಆ ಎರಡು ಬೆರಳಲ್ಲೇ ಅವನು ನಿಪ್ಪಾಣಿಯ ಪ್ರೆಸ್ಸಿಗೆ ಲಗ್ನಪತ್ರಿಕೆಗಳ ಪುಟ ಕಟ್ಟಿ ಕೊಡುತ್ತಿದ್ದ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಅಕ್ಷರ ಎಲ್ಲಿ ಬಿಗಿಯಾಗಬೇಕು, ಎಲ್ಲಿ ಸಡಿಲ ಬಿಡಬೇಕು, ಕುಲದೇವರ ಹೆಸರಿನ ಕೆಳಗೆ ಎಷ್ಟು ಜಾಗ ಬೇಕು, ಇದೆಲ್ಲ ಅವನ ಕಣ್ಣಿಗೆ ಕೂತುಹೋಗಿತ್ತು. ಪುಟವನ್ನು ಪ್ರಿಂಟ್ ಹಾಕಿಟ್ಟರೆ ರಾಜಮತಿ ನಿಪ್ಪಾಣಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು.

ಇದಕ್ಕೆಲ್ಲ ಆಧಾರ ಆ ಮೌಸು. ಅದು ಎಲ್ಲರ ಮನೆಯಲ್ಲಿರುವಂಥದ್ದಲ್ಲ. ಮೇಜಿನ ಮೇಲೆ ಅಲುಗದೆ ಕೂರುವ ಅಗಲವಾದ ಡಬ್ಬಿ, ಅದರ ನಡುವೆ ಪೇರಲಕಾಯಿ ಗಾತ್ರದ ನುಣುಪಾದ ಚೆಂಡು. ಮೌಸನ್ನು ಸರಿಸಬೇಕಿಲ್ಲ, ಚೆಂಡನ್ನು ಬೆರಳಿನಿಂದ ಹೊರಳಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಅದರ ಗುಂಡಿಯೂ ಹಗುರ, ಬೆರಳು ಅದರ ಮೇಲೆ ಬಿದ್ದರೆ ಸಾಕು. ಟೈಪು ಮಾಡಲಾರದ ಸುಮೇಧ ಪರದೆಯ ಮೇಲೆ ಅಕ್ಷರಗಳ ಚೌಕ ತೆರೆದು ಒಂದೊಂದನ್ನೇ ಆರಿಸಿ ಇಡುತ್ತಿದ್ದ.

ಅಸದ ಮಾರನೆಯ ದಿನ ಬಂದ. ಚಿಕ್ಕೋಡಿ ಬಸ್ ನಿಲ್ದಾಣದ ಹಿಂದೆ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂವತ್ತರ ಆಸುಪಾಸಿನ, ಬಾಯಿ ಸುಮ್ಮನಿರದ ಹುಡುಗ. ಡಬ್ಬಿಯ ಮುಚ್ಚಳ ತೆಗೆದು ನೋಡಿ ತಲೆ ಅಲ್ಲಾಡಿಸಿದ.

"ಪೂರಾ ಬಿಘಾಡ ಆಗೈತ್ರಿ ಅಣ್ಣಾರ. ಇದರ ಬೋರ್ಡ ಈಗ ಎಲ್ಲಿ ಸಿಗತೈತಿ? ನನ್ನ ಹತ್ರ ಒಂದ ಚಲೋ ಮಷೀನ ಐತಿ, ಅದನ್ನ ಹಾಕಿ ಕೊಡ್ತೀನಿ."

ಆ ಸಂಜೆಯೇ ತಂದು ಹಾಕಿದ. ಆದರೆ ಸುಮೇಧನ ಮೌಸಿನ ತಂತಿಯ ತುದಿಯಲ್ಲಿದ್ದದ್ದು ಒಂಬತ್ತು ತೂತಿನ ಅಗಲವಾದ ಪ್ಲಗ್ಗು. ಅದು ಕೂರಬೇಕಾದ ಒಂಬತ್ತು ಕಡ್ಡಿಯ ಪೋರ್ಟು ಹೊಸ ಮಷೀನಿನಲ್ಲಿ ಇರಲೇ ಇಲ್ಲ. ಅಸದ ಚೀಲ ಕೆದಕಿ, ಒಂದು ಕಡೆ ಅಗಲ, ಇನ್ನೊಂದು ಕಡೆ ದುಂಡಗಿದ್ದ ಒಂದು ತುಂಡನ್ನು ಹುಡುಕಿ ತೆಗೆದ. ಪ್ಲಗ್ಗು ಸರಿಯಾಗಿ ಕೂತಿತು. ಬಾಣ ಮಾತ್ರ ಕದಲಲಿಲ್ಲ.

"ಅದು ಬರೇ ಪ್ಲಗ್ಗಿನ ಆಕಾರ ಬದಲ ಮಾಡತೈತಿ," ಎಂದ ಸುಮೇಧ. "ಈ ಮೌಸಿನ ಭಾಷಾನ ಬ್ಯಾರೆ. ಆ ದುಂಡ ಪೋರ್ಟಿಗೆ ಅದು ತಿಳಿಯೂದಿಲ್ಲ."

ಮುಂದಿನ ವಾರ ಅಸದ ಯುಎಸ್‌ಬಿಗೆ ಹಾಕುವ ಒಂದು ತಂತಿ ತರಿಸಿದ. ಈ ಸಲ ಬಾಣ ಕಾಣಿಸಿಕೊಂಡಿತು. ಸುಮೇಧ ಉಸಿರು ಹಿಡಿದು ಚೆಂಡು ಹೊರಳಿಸಿದ. ಬಾಣ ಪರದೆಯ ಮೂಲೆಯಿಂದ ಹೊರಟು, ತಡವರಿಸಿ, ನಡುವೆಯೇ ನಿಂತಿತು. ಡ್ರೈವರ್ ತೆಗೆದು ಹಾಕಿದರು, ಮಷೀನು ಮತ್ತೆ ಮತ್ತೆ ಚಾಲೂ ಮಾಡಿದರು. ಪ್ರತಿ ಸಲವೂ ಬಾಣ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಹಳೆಯ ಮೌಸು ಪೋರ್ಟಿನಿಂದಲೇ ಕರೆಂಟು ಎಳೆದುಕೊಳ್ಳುವಂಥದ್ದು, ಈ ಸಪೂರ ತಂತಿಯಿಂದ ಅಷ್ಟು ಬರುತ್ತಿರಲಿಲ್ಲ. ಬರುತ್ತಿದ್ದರೂ ಉಪಯೋಗವಿರಲಿಲ್ಲ. ಅವನು ಪುಟ ಕಟ್ಟುವ ಸಾಫ್ಟ್‌ವೇರು, ಅದರ ಕನ್ನಡ ಅಕ್ಷರಗಳು ಹೊಸ ವಿಂಡೋಸಿನಲ್ಲಿ ತೆರೆಯಲೇ ಇಲ್ಲ.

ಆನ್‌ಲೈನಿನಲ್ಲಿ ಹೊಸ ಚೆಂಡಿನ ಮೌಸೂ ಬಂತು. ಅದನ್ನು ಹೆಬ್ಬೆರಳಿನಿಂದ ಹೊರಳಿಸಬೇಕು. ಸುಮೇಧನ ಹೆಬ್ಬೆರಳು ಹೊರಳಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು.

"ವಾಪಸ್ ಕಳಸ್ರಿ," ಎಂದು ಅಸದ ತಲೆ ತಗ್ಗಿಸಿ ಹೇಳಿ ಹೋದ.

ಆಮೇಲಿನ ದಿನಗಳಲ್ಲಿ ರಾಜಮತಿ ಅವನನ್ನು ಕಿಟಕಿಯ ಹತ್ತಿರ ಕೂರಿಸಿ ಹೋಗತೊಡಗಿದಳು. ಮೇಜಿನ ಮುಂದೆ ಕೂರಿಸು ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಹೋಗುತ್ತಿದ್ದವು. ಒಂದು ಹಾಡು ದೂರವಾಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು, ಯಾವುದೂ ಪೂರ್ತಿ ಕೇಳಿಸುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ಕಿಟಕಿಯ ಕಡೆ ನೋಡಿ "ಆರಾಮ ಏನಪಾ ಸುಮೇಧ?" ಎನ್ನುತ್ತಿದ್ದರು. ಅವನು "ಹೂಂ, ಆರಾಮ" ಎನ್ನುವಷ್ಟರಲ್ಲಿ ಮುಂದಿನ ಮನೆ ದಾಟಿರುತ್ತಿದ್ದರು. ಮನಸ್ಸಿನಲ್ಲೇ ಅವನು ಪುಟ ಕಟ್ಟಲು ನೋಡಿದ. ಸಾಲುಗಳು ನಿಲ್ಲಲಿಲ್ಲ. ಕೆಲವು ದಿನ ಸತ್ತೆವ್ವನ ಜೊತೆ ಆಡಿದ ಎರಡು ಮಾತು ಬಿಟ್ಟರೆ ಸಂಜೆಯವರೆಗೆ ಅವನ ಬಾಯಿಂದ ಸದ್ದೇ ಹೊರಡುತ್ತಿರಲಿಲ್ಲ. ಅಕ್ಕ ಬಂದು ಮಾತಾಡಿಸಿದಾಗ ದನಿ ಒಡೆದು ಬರುತ್ತಿತ್ತು.

"ಪ್ರೆಸ್ ಮಾಲಕರಿಗೆ ಒಂದ ಮಾತ ಕೇಳಿ ನೋಡು," ಎಂದು ಒಂದು ರಾತ್ರಿ ಊಟದ ಹೊತ್ತಿಗೆ ರಾಜಮತಿ ಹೇಳಿದಳು. "ಅವರ ಹಂತ್ಯಾಕ ಹಳೇ ಮಷೀನ ಏನರ ಬಿದ್ದಿರಬೇಕು."

ರಾಜಮತಿ ಅವನ ಫೋನನ್ನು ಬಾಯಿಂದ ಹೆಸರು ಹೇಳಿದರೆ ಹಚ್ಚುವಂತೆ ಅಸದನಿಂದ ಮಾಡಿಸಿದ್ದಳು. ಸುಮೇಧ ನಿಪ್ಪಾಣಿಗೆ ಫೋನು ಹಚ್ಚಿದ. ಮಾಲಕರು ಸ್ವಲ್ಪ ನೆನಪು ಮಾಡಿಕೊಂಡು ಹೇಳಿದರು:

"ಎಲ್ಲಾ ಗುಜರಿಗೆ ಹಾಕಿದ್ನಿ. ಒಂದ ಮಷೀನ ಮಾತ್ರ ಅನುಸೂಯಾ ಒಯ್ದಾಳ ನೋಡು, ಅನಂತಪುರಕ್ಕ. ನೀವಿಬ್ಬರೂ ಕೆಲಸ ಮಾಡತಿದ್ರೆಲ್ಲ, ಅದ. ನಂಬರ ಹೇಳ್ಲೇನು?"

ಸುಮೇಧ ಅಕ್ಕನಿಂದ ನಂಬರು ಬರೆಸಿಕೊಂಡ. ಫೋನು ಮಾಡಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ನಿಪ್ಪಾಣಿಯ ಆ ಪ್ರೆಸ್ಸಿನಲ್ಲಿ ಸುಮೇಧ ಮತ್ತು ಅನುಸೂಯಾ ಒಂದೇ ಕಂಪ್ಯೂಟರಿನ ಮೇಲೆ ಕೆಲಸ ಮಾಡುತ್ತಿದ್ದರು. ಮುಂಜಾನೆ ಅವಳು, ಮಧ್ಯಾಹ್ನದಿಂದ ಅವನು. ಚೆಂಡಿನ ಮೌಸನ್ನು ಮಾಲಕರು ಮುಂಬೈಯಿಂದ ತಂದಿದ್ದರು. ಸುಮೇಧನಿಗೆ ಅದು ಒಗ್ಗಿತು, ಅನುಸೂಯಾಗೆ ಸೇರಲಿಲ್ಲ. ಅವಳದು ಸಾದಾ ಮೌಸು. ಮಷೀನಿನ ಎರಡು ಪೋರ್ಟುಗಳಲ್ಲಿ ಒಂದು ಕೆಟ್ಟಿದ್ದರಿಂದ ದಿನಾಲೂ ಮಧ್ಯಾಹ್ನ ಒಬ್ಬರ ಮೌಸು ಕಿತ್ತು ಇನ್ನೊಬ್ಬರದು ಹಾಕಬೇಕಿತ್ತು. ಹಾಗೆ ಬದಲಿಸುವಾಗ ಮಷೀನು ಬಂದ್ ಮಾಡಿ ಚಾಲೂ ಮಾಡಬೇಕು. ಅದು ಎದ್ದು ನಿಲ್ಲುವವರೆಗೆ ಇಬ್ಬರೂ ಮಾತಾಡುತ್ತ ನಿಲ್ಲುತ್ತಿದ್ದರು. ಬಹುಪಾಲು ಅಕ್ಷರಗಳ ಬಗ್ಗೆಯೇ. ಒತ್ತಕ್ಷರ ಎಷ್ಟು ಕೆಳಗೆ ಇಳಿಯಬೇಕು ಎಂದು ಜಗಳವಾಡಿದ್ದೂ ಇತ್ತು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ಏನೂ ಆಗಲಿಲ್ಲ. ಅವಳ ಲಗ್ನ ಗೊತ್ತಾಯಿತು. ಪತ್ರಿಕೆಯನ್ನು ಸುಮೇಧನೇ ಕಟ್ಟಿದ. ಆ ಹೊತ್ತಿಗೆ ಅವನು ಪ್ರೆಸ್ಸಿನ ಪಾವಟಿಗೆಗಳ ಮೇಲೆ ಎರಡು ಸಲ ಬಿದ್ದಿದ್ದ. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಮೇಲೆ ಕೆಲಸ ಬಿಟ್ಟ. ಯಾರಾದರೂ ಕೇಳಿದರೆ ಇಚಲಕರಂಜಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಿರಿ ಎಂದು ಮಾಲಕರನ್ನು ಬೇಡಿಕೊಂಡ. ಮಾಲಕರು ಹಾಗೆಯೇ ಹೇಳಿದರು. ಆ ಮೌಸನ್ನು ಅವನ ಮನೆಗೆ ಕಳಿಸಿಯೂ ಕೊಟ್ಟರು.

ಎರಡು ದಿನ ಬಿಟ್ಟು ಅವನು ಅಸದನಿಗೆ ನಂಬರು ಕೊಟ್ಟ.

"ಮಷೀನ ಕೊಡ್ತಾರೇನ ಕೇಳು. ಆದರ ನನ್ನ ಹೆಸರ ಹೇಳಬ್ಯಾಡ. ಗಿರಾಕಿ ಒಬ್ಬರಿಗೆ ಬೇಕಾಗೇತಿ ಅನ್ನು, ಅಷ್ಟ."

"ಆತ್ರಿ ಅಣ್ಣಾರ," ಎಂದ ಅಸದ.

ರವಿವಾರ ಮಧ್ಯಾಹ್ನ ಮನೆಯ ಮುಂದೆ ವ್ಯಾನು ನಿಂತ ಸದ್ದಾಯಿತು. ರಾಜಮತಿ ಮನೆಯಲ್ಲೇ ಇದ್ದಳು. ಅಸದನ ದನಿಯ ಹಿಂದೆ ಇನ್ನೊಂದು ದನಿ ಕೇಳಿಸಿತು: "ಸಾವಕಾಶ ಇಳಸೋ, ಮೂಲಿ ತಾಗೀತು." ಸುಮೇಧನಿಗೆ ಆ ದನಿ ಕೂಡಲೇ ಗುರುತು ಹತ್ತಿತು.

"ಅಕ್ಕಾ, ನಾ ಮಲಗೇನಿ ಅಂತ ಹೇಳು."

"ಖುರ್ಚಿ ಮ್ಯಾಲ ಕುಂತ ಯಾರರ ಮಲಗತಾರೇನು?"

"ಒಳಗ ತಳ್ಳ ನನ್ನ. ಲಗೂ ತಳ್ಳ."

ರಾಜಮತಿ ತಮ್ಮನ ಮುಖ ನೋಡಿದಳು. ಖುರ್ಚಿಯನ್ನು ಒಳಕೋಣೆಗೆ ತಳ್ಳಲಿಲ್ಲ. ಅವನ ಮಡಿಲ ಮೇಲಿದ್ದ ಟವೆಲನ್ನು ಸರಿಮಾಡಿ, ಕೂದಲು ಕೈಯಿಂದ ಬಾಚಿ, ಬಾಗಿಲ ಕಡೆ ಹೋದಳು.

ಅನುಸೂಯಾ ಒಳಗೆ ಬಂದಳು. ಕೂದಲು ಅರ್ಧ ನರೆತಿತ್ತು, ಚಷ್ಮಾ ಬಂದಿತ್ತು. ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಖುರ್ಚಿ, ಬಟ್ಟೆಯಿಂದ ಕಟ್ಟಿ ನಿಲ್ಲಿಸಿದ ಸೊಂಟ, ಮಡಿಲಲ್ಲಿ ಬಿದ್ದಿದ್ದ ಕೈ. ಸುಮೇಧ ಕಣ್ಣು ತಗ್ಗಿಸಿದ. ಅವಳ ಹಿಂದೆ ಕಂಪ್ಯೂಟರ್ ಹೊತ್ತು ನಿಂತಿದ್ದ ಅಸದ ಎತ್ತಲೋ ನೋಡುತ್ತಿದ್ದ.

"ಇಚಲಕರಂಜಿ ಭಾಳ ದೂರ ಐತಿ ಬಿಡ್ರಿ ಸುಮೇಧರ," ಎಂದಳು ಅನುಸೂಯಾ.

ರಾಜಮತಿ ಖುರ್ಚಿ ತಂದಿಟ್ಟು, "ಕುಂದರ್ರಿ ಬಾಯಾರ, ಚಾ ಮಾಡ್ತೀನಿ," ಎಂದು ಒಳಗೆ ಹೋದಳು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ," ಎಂದ ಅಸದ. "ಎಂಥಾ ಮೌಸ ಹಾಕಾವ್ರು ಅಂತ ಬಾಯಾರ ಕೇಳಿದ್ರು. ಚೆಂಡಿಂದು ಅಂದ್ನಿ. ಅಷ್ಟಕ್ಕ ಅವರಿಗೆ ಗೊತ್ತಾಗಿಬಿಟ್ಟಿತು. ಮುಂದ ನನ್ನ ಬಾಯಿ ನಿಂದರಲಿಲ್ಲ."

ಅನುಸೂಯಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಹತ್ತಿರ ಹೋದಳು. ಹಳೆಯ ಮಷೀನನ್ನು ಇಡಿಸಿ, ತಂತಿಗಳನ್ನು ಅವಳೇ ಹಾಕಿದಳು. ಚೆಂಡಿನ ಮೌಸಿನ ಪ್ಲಗ್ಗು ಹಿಡಿದು ಮಷೀನಿನ ಹಿಂದಿನ ಪೋರ್ಟುಗಳ ಕಡೆ ಬಾಗಿದಳು.

"ಮ್ಯಾಲಿಂದ ಅಲ್ರಿ," ಎಂದ ಸುಮೇಧ. ಅವಳು ಬಂದ ಮೇಲೆ ಅವನಾಡಿದ ಮೊದಲ ಮಾತು ಅದು. "ಅದು ಕೆಟ್ಟೈತಿ. ತೆಳಗಿಂದಕ್ಕ ಹಾಕ್ರಿ."

"ಗೊತ್ತೈತ್ರಿ. ನನಗ ಹೇಳಾಕ ಬರ್ತಾರ."

ಮಷೀನು ಎದ್ದಿತು. ರಾಜಮತಿ ಬಂದು ತಮ್ಮನ ಕೈಯನ್ನು ಚೆಂಡಿನ ಮೇಲಿಟ್ಟಳು. ಬಾಣ ಓಡಿತು, ಪರದೆಯ ಈ ತುದಿಯಿಂದ ಆ ತುದಿಗೆ. ಅಸದ ಚಪ್ಪಾಳೆ ತಟ್ಟಿದ. ತಟ್ಟಿ ಮುಗಿಸುವುದರೊಳಗೆ ಬಾಣ ನಿಂತುಬಿಟ್ಟಿತು. ಬಂದ್ ಮಾಡಿ ಚಾಲೂ ಮಾಡಿದರು. ಮತ್ತೆ ಓಡಿತು, ಮತ್ತೆ ನಿಂತಿತು.

"ಮುಗೀತು," ಎಂದ ಸುಮೇಧ. "ಮೌಸ ಸತ್ತಿರಬೇಕು."

"ಸತ್ತಿದ್ರ ಮದಲ ಯಾಕ ಓಡತಿತ್ತು?" ಅನುಸೂಯಾ ಚಷ್ಮಾ ಒರೆಸಿಕೊಂಡಳು. "ನನ್ನ ಹಂತ್ಯಾಕ ಇದು ಇಷ್ಟ ವರ್ಷ ಬರೋಬ್ಬರಿ ನಡದೈತಿ."

"ಯಾವ ಮೌಸ ಹಾಕಿದ್ರಿ?"

"ದುಂಡ ಪ್ಲಗ್ಗಿಂದು. ಹಳೇದು ಕೆಟ್ಟ ಮ್ಯಾಲ ಅದನ್ನ ತಗೊಂಡಿದ್ದೆ."

ಸುಮೇಧ ಕಣ್ಣು ಕಿರಿದು ಮಾಡಿ ನೋಡಿದ. ಪರದೆಯ ಕೆಳಮೂಲೆಯಲ್ಲಿ ಸಣ್ಣ ಫೋನಿನ ಚಿತ್ರವೊಂದು ಕಾಣುತ್ತಿತ್ತು.

"ಇದರಾಗ ಮೋಡೆಮ್ ಕಾರ್ಡ ಹಾಕ್ಸಿದ್ರೇನು?"

"ಹೂಂನ್ರಿ. ಫೋನಿನ ತಂತಿಲೆ ಇಂಟರ್ನೆಟ್ ಬರ್ತಿತ್ತಲ್ಲ, ಆವಾಗ. ಫ್ಯಾಕ್ಸಿಗೂ ಅದ."

"ಅದ ಮತ್ತ. ಆ ಫ್ಯಾಕ್ಸಿನ ಸಾಫ್ಟ್‌ವೇರ ಮಷೀನ ಏಳೂದಕ್ಕ ತಾನೂ ಎದ್ದ ಮೋಡೆಮ್ ಕರೀತೈತಿ. ಮೋಡೆಮ್‌ಗೂ ಈ ಪೋರ್ಟಿಗೂ ದಾರಿ ಒಂದ. ಅದು ಬಂದ ಕೂಡಲೆ ಮೌಸಿನ ಸುದ್ದಿ ಒಳಗ ಮುಟ್ಟೂದಿಲ್ಲ. ದುಂಡ ಪ್ಲಗ್ಗಿಂದಕ್ಕ ದಾರಿ ಬ್ಯಾರೆ, ಅದಕ್ಕ ನಿಮಗ ಗೊತ್ತಾಗಿಲ್ಲ. ಕಾರ್ಡ ಕಿತ್ತ ಒಗೀರಿ."

ಅನುಸೂಯಾ ಮಷೀನು ಬಂದ್ ಮಾಡಿ, ಅಸದನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡಳು. ಸುಮೇಧ ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ಆ ಸ್ಕ್ರೂ ಅಲ್ಲ, ಅದರ ಬಾಜೂದು. ಅಲ್ಲಾಡಿಸಬ್ಯಾಡ್ರಿ, ಸೀದಾ ಎಳೀರಿ. ಧೂಳು ಹಾರಿ ಅವಳು ಸೀನಿದಾಗ ಸುಮೇಧ ನಕ್ಕ. ಅಡುಗೆಮನೆಯಲ್ಲಿದ್ದ ರಾಜಮತಿ ಆ ನಗು ಕೇಳಿ ಚಹಾದ ಪಾತ್ರೆ ಕೈಯಲ್ಲಿ ಹಿಡಿದೇ ಹೊರಗೆ ಬಂದು ನೋಡಿದಳು.

ಈ ಸಲ ಬಾಣ ನಿಲ್ಲಲಿಲ್ಲ. ಸುಮೇಧ ಅದನ್ನು ಪರದೆಯ ಅಂಚಿನಗುಂಟ ಓಡಿಸಿದ, ನಡುವೆ ಸುತ್ತಿಸಿದ, ಚೌಕ ಬಿಡಿಸಿದ. ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬರುತ್ತಿರಲಿಲ್ಲ. ರಾಜಮತಿ ಸೆರಗಿನಿಂದ ಒರೆಸಿದಳು.

ಅಸದ ಹಳೆಯ ಡಿಸ್ಕಿನಿಂದ ಅಕ್ಷರಗಳನ್ನೂ ಪುಟಗಳನ್ನೂ ಇದಕ್ಕೆ ತುಂಬಿಸುತ್ತ ಕೂತ. ಅನುಸೂಯಾ ಸುಮೇಧನ ಖುರ್ಚಿಯನ್ನು ಕಿಟಕಿಯ ಹತ್ತಿರ ತಂದು ತಾನೂ ಪಕ್ಕದಲ್ಲಿ ಕೂತಳು.

"ಯಾಕ ಹೇಳಲಿಲ್ರಿ? ನಾ ತವರಮನಿಗೆ ಬಂದಾಗೊಮ್ಮೆ ಪ್ರೆಸ್ಸಿಗೆ ಹೋಗಿ ಕೇಳಿದ್ನಿ. ಇಚಲಕರಂಜಿ ಅಂದ್ರು. ದೊಡ್ಡ ಮನಿಶಾ ಆಗ್ಯಾರ, ನಮ್ಮನ್ನ ಮರತಾರ ಅಂದ್ಕೊಂಡೆ."

"ಹೇಳಿ ಏನ ಮಾಡೂದಿತ್ರಿ? ನೀವು ನೋಡಾಕ ಬರ್ತಿದ್ರಿ. ನಾ ಹಿಂಗ ಕುಂತಿರ್ತಿದ್ದೆ."

"ಹೌದು, ಬರ್ತಿದ್ದೆ. ನೀವು ಕುಂತಿರ್ತಿದ್ರಿ. ಅದರಾಗ ಏನೈತಿ?"

ಇಷ್ಟು ವರ್ಷ ಅದಕ್ಕೊಂದು ಉತ್ತರ ಇದೆ ಎಂದೇ ಅವನು ತಿಳಿದಿದ್ದ.

ಅನುಸೂಯಾ ತನ್ನ ಮಾತು ಹೇಳಿದಳು. ಗಂಡನದು ಹೊಲ, ಎಮ್ಮೆ. ಮಗಳು ಅಥಣಿಯಲ್ಲಿ ಓದುತ್ತಾಳೆ. ಪಂಚಾಯತಿ ಮುಂದೆ ತನ್ನದೊಂದು ಝೆರಾಕ್ಸ್ ಅಂಗಡಿ.

"ದಿನಾ ಊರ ಮಂದಿ ಎಲ್ಲಾ ನನ್ನ ಮುಂದ ನಿಂತಿರ್ತಾರ. ಆಧಾರ ಕಾರ್ಡ, ಪಹಣಿ, ರೇಷನ್ ಕಾರ್ಡ. ಮಾತಿಗೇನ ಕಡಿಮಿಲ್ಲ. ಆದರ ಒಂದ ಅಕ್ಷರ ಚಂದ ಕುಂತೈತಿ ಅಂತ ನನಗ ಖುಷಿ ಆದ್ರ ಅದನ್ನ ಯಾರಿಗಿ ಹೇಳ್ಲಿ? ನಮ್ಮ ಮನಿಯವರಿಗೆ ಹೇಳಿದ್ರ, ಹೌದೇನು, ಅಂದು ಎಮ್ಮಿ ಕಡೆ ಹೋಗ್ತಾರ."

ಹೊತ್ತು ಇಳಿಯತೊಡಗಿದಾಗ ಅಸದ ವ್ಯಾನು ಚಾಲೂ ಮಾಡಿದ. ಕಾಗವಾಡದ ಮೇಲೆ ಅನಂತಪುರ ಮುಟ್ಟಬೇಕು, ದಾರಿತುಂಬ ಕಬ್ಬಿನ ಗಾಡಿಗಳು. ಅನುಸೂಯಾ ರಾಜಮತಿಯ ಕೈ ಹಿಡಿದು ಮಾತಾಡಿಸಿ ಹೊರಟಳು. ಸುಮೇಧನಿಗೆ, "ಬರ್ತೀನ್ರಿ," ಎಂದಳು. ಅವನು, "ಹೂಂನ್ರಿ," ಎಂದ. ಇನ್ನೊಮ್ಮೆ ಬರ್ರಿ ಎನ್ನಬೇಕೆಂದುಕೊಂಡ, ಅಷ್ಟರಲ್ಲಿ ವ್ಯಾನು ತಿರುವಿನಲ್ಲಿ ಮರೆಯಾಗಿತ್ತು.

ಆ ಸಂಜೆ ಮನೆ ಹಿಂದೆಂದಿಗಿಂತ ದೊಡ್ಡದಾದಂತೆ ಅವನಿಗೆ ಅನಿಸಿತು. ಅವಳು ಕೂತಿದ್ದ ಖುರ್ಚಿಯನ್ನು ರಾಜಮತಿ ಎತ್ತಿ ಒಳಗಿಡಲು ಹೋದಾಗ, "ಇರಲಿ ಬಿಡು ಅಕ್ಕಾ, ನಾಳೆ ತಗದ್ರಾತು," ಎಂದ.

ಲಗ್ನದ ದಿನಗಳು ಬಂದವು. ನಿಪ್ಪಾಣಿಯಿಂದ ಕೆಲಸ ಬಂತು, ಮೊದಲಿನಷ್ಟಲ್ಲ. ಜನ ಈಗ ಪತ್ರಿಕೆಯನ್ನು ಮೊಬೈಲಿನಲ್ಲೇ ಮಾಡಿ ಮೊಬೈಲಿನಲ್ಲೇ ಹಂಚುತ್ತಿದ್ದರು. ಅನಂತಪುರದಿಂದಲೂ ನಾಲ್ಕಾರು ಬಂದವು. ಅನುಸೂಯಾ ಫೋನಿನಲ್ಲಿ ಹೆಸರುಗಳನ್ನು ಓದುವಳು, ಅವನು ಕಟ್ಟುವನು. ರಾಜಮತಿ ಅದರ ಫೋಟೋ ತೆಗೆದು ಕಳಿಸಿದರೆ ಅವಳು ತಪ್ಪು ಹುಡುಕಿ ಫೋನು ಮಾಡುವಳು. ಒತ್ತಕ್ಷರ ಬಹಳ ಕೆಳಗಿಳಿದಿದೆ ಎನ್ನುವಳು. ಇಲ್ಲ ಎನ್ನುವನು. ಅದಿಷ್ಟು ಹೊತ್ತು ಅವನ ದನಿ ಗಟ್ಟಿಯಾಗಿರುತ್ತಿತ್ತು.

ಮಳೆಗಾಲ ಹಿಡಿಯಿತು. ಮುಹೂರ್ತಗಳು ಮುಗಿದವು. ನಿಪ್ಪಾಣಿಯ ಫೋನೂ ನಿಂತಿತು, ಅನಂತಪುರದ್ದೂ ನಿಂತಿತು. ದೂಧಗಂಗೆ ತುಂಬಿ ಹರಿಯುತ್ತಿರುವ ಸುದ್ದಿಯನ್ನು ಸತ್ತೆವ್ವ ತಂದಳು. ಸುಮೇಧ ದಿನವೂ ಮಷೀನು ಹಚ್ಚಿಸಿಕೊಂಡು ಖಾಲಿ ಪುಟ ತೆರೆದು ಕೂರುತ್ತಿದ್ದ. ಯಾರ ಹೆಸರೂ ಇಲ್ಲದ ಪುಟಕ್ಕೆ ಅಂಚು ಕಟ್ಟುತ್ತಿದ್ದ, ಅಳಿಸುತ್ತಿದ್ದ. ಬೆರಳು ಮೊದಲಿಗಿಂತ ಬೇಗ ದಣಿಯುತ್ತಿದ್ದದ್ದು ಅವನ ಗಮನಕ್ಕೆ ಬಂದಿತ್ತು. ಅಕ್ಕನಿಗೆ ಇನ್ನೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಸತ್ತೆವ್ವ ಊಟ ಮಾಡಿಸಿ ಹೋದ ಮೇಲೆ ಅವನು ಫೋನಿಗೆ ಅನುಸೂಯಾಳ ಹೆಸರು ಹೇಳಿದ. ಗಂಟೆ ಬಾರಿಸತೊಡಗಿದಾಗ ಏನು ಹೇಳುವುದೆಂದು ಹೊಳೆಯದೆ ಗಾಬರಿಯಾದ.

"ಹೇಳ್ರಿ ಸುಮೇಧರ. ಯಾವದರ ಪತ್ರಿಕಿ ಬಂತೇನು?"

"ಇಲ್ರಿ. ಕೆಲಸ ಏನೂ ಇಲ್ಲ. ಸುಮ್ಮನ ಹಚ್ಚಿದ್ನಿ."

ಅವಳ ಹಿಂದೆ ಯಾರೋ "ಬಾಯಾರ, ಎರಡೂ ಬಾಜೂ ತಗೀರಿ" ಎಂದು ಕೂಗುತ್ತಿದ್ದರು.

"ಗಿರಾಕಿ ಭಾಳ ಅದಾರ್ರಿ ಈಗ," ಎಂದಳು ಅನುಸೂಯಾ.

"ಆತ್ರಿ ಹಂಗಾರ, ಇಡ್ತೀನಿ."

"ಇಡಬ್ಯಾಡ್ರಿ. ಕಟ್ ಮಾಡಬ್ಯಾಡ್ರಿ. ನಾ ಫೋನ ಇಲ್ಲೆ ಟೇಬಲ್ ಮ್ಯಾಲ ಇಡ್ತೀನಿ. ಮಂದಿ ಕಡಿಮಿ ಆಗಲಿ, ಮಾತಾಡೂಣು."

ಫೋನು ಮರದ ಮೇಲೆ ಕೂತ ಸದ್ದಾಯಿತು. ಝೆರಾಕ್ಸ್ ಮಷೀನಿನ ಬೆಳಕಿನ ಸರಳು ಹೋಗಿ ಬರುವ ಗರಗರ ಕೇಳಿಸಿತು. ಒಬ್ಬ ಮುದುಕಿ ಪಿಂಚಣಿಯ ಬಗ್ಗೆ ಕೇಳಿದಳು. ಯಾರೋ ಮರಾಠಿಯಲ್ಲಿ ಹವಾಮಾನದ ಮಾತಾಡಿದರು. ಅನುಸೂಯಾ ಒಬ್ಬನಿಗೆ ಬೈದಳು, ಇನ್ನೊಬ್ಬನ ಮಾತಿಗೆ ನಕ್ಕಳು. ಅಂಗಡಿಯ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಬೇಡಕಿಹಾಳದಲ್ಲಿ ಆ ದಿನ ಇನ್ನೂ ಶುರುವಾಗಿರಲಿಲ್ಲ. ಸುಮೇಧ ಬೆರಳನ್ನು ಚೆಂಡಿನ ಮೇಲಿಂದ ಜಾರಿಸಿ, ತಲೆಯನ್ನು ಫೋನಿನ ಕಡೆ ಆದಷ್ಟು ವಾಲಿಸಿ, ಅನಂತಪುರದ ಮಂದಿ ಒಬ್ಬೊಬ್ಬರಾಗಿ ಬಂದು ಹೋಗುವುದನ್ನು ಕೇಳುತ್ತ ಕೂತ.